ಹಡಗಿನ ಚೀಟಿಗೆ ಹಾಕಿದ ರುಜು

ರಂಗೂನು
ಸೌಮ್ಯ ಸಂವತ್ಸರ, ಪುಷ್ಯ ಬಹುಳ ಪಂಚಮಿ
ಜನವರಿ ೩೦, ೧೯೧೦

ಮೊಳಕಾಲ್ಮೂರಿನ ನನ್ನ ಚಿತ್ತಕ್ಕನಿಗೆ ತಂಗಿ ತಿಪ್ಪೇರುದ್ರಮ್ಮನ ಶರಣು.

ನಿನಗೆ ಕೋಪ ಬಂದಿರುತ್ತದೆ. ಮದರಾಸಿನಲ್ಲಿ ಹಡಗು ಹತ್ತುವ ಮೊದಲೇ ಕಾಗದ ಹಾಕುತ್ತೇನೆ ಎಂದಿದ್ದೆ, ಹಾಕಲಿಲ್ಲ. ಹಡಗಿನಲ್ಲಿ ಎರಡು ಸಲ ಬರೆಯಲು ಕೂತೆ. ಕೆಳಗೆ ಯಂತ್ರ ಗುಡುಗುಟ್ಟುತ್ತಿತ್ತು, ಮೇಜು ನಡುಗುತ್ತಿತ್ತು, ಅಕ್ಷರಗಳು ಚೆಲ್ಲಾಪಿಲ್ಲಿಯಾದವು. ಎದ್ದು ಕಂಬಿ ಹಿಡಿದು ನಿಂತೆ. ನಿಲ್ಲಲಾಗದೆ ಮತ್ತೆ ಒಳಗೆ ಬಂದೆ. ಹೀಗೆ ಒಳಗೂ ಹೊರಗೂ ತಿರುಗಿದ್ದರಲ್ಲೇ ದಿನ ಹೋದವು. ಈಗ ನೆಲದ ಮೇಲಿದ್ದೇನೆ. ಆದರೂ ಕೂತಲ್ಲಿ ಕೂರಲಾಗುತ್ತಿಲ್ಲ.

ಭಾವನವರ ಕೆಮ್ಮು ಹೇಗಿದೆ? ಮಕ್ಕಳು ಚೆನ್ನಾಗಿದ್ದಾರೆಯೇ?

ಈ ಪ್ರಯಾಣ ಹೇಗೆ ಒದಗಿತೆಂದು ನೀನು ಕೇಳಿದ್ದೆ. ಈ ವರ್ಷ ನಮ್ಮ ಚಳ್ಳಕೆರೆಯ ಅಂಗಡಿಯಿಂದ ಕಂಬಳಿ ಚೆನ್ನಾಗಿ ಹೋಯಿತು. ಮನೆಯವರು ಒಂದು ದಿನ ಊಟಕ್ಕೆ ಕೂತಾಗ, "ದೊಡ್ಡ ಮಂದಿ ಹಡಗು ಹತ್ತಿ ಹವಾ ತಿನ್ನೋಕೆ ಹೋಗ್ತಾರಂತೆ ಕಣೇ. ನಾವೂ ಹೋಗಿಬರಾನ. ಬಾ, ನಿಂಗೆ ಸಮುದ್ರ ತೋರಿಸ್ತೀನಿ" ಎಂದರು. ಮದುವೆಯಾಗಿ ಹದಿಮೂರು ವರ್ಷಕ್ಕೆ ಅವರು ನನ್ನನ್ನು ಮೊದಲ ಸಲ ಎಲ್ಲಿಗಾದರೂ ಕರೆದದ್ದು. ನಾನು ಹೆಚ್ಚು ಕೇಳಲಿಲ್ಲ.

ಎರಡನೇ ತರಗತಿಯಲ್ಲಿ ನಮಗೊಂದು ಕೋಣೆ, ಗೋಡೆಯಲ್ಲಿ ಗುಂಡನೆಯ ಗಾಜಿನ ಕಿಟಕಿ. ಮೊದಲ ದಿನವೇ ಸೋಡಾ ತಂದ ಆಳಿಗೆ ಇವರು ಎರಡಾಣೆ ಚಾಚಿದರೆ ಅವನು ಮುಟ್ಟಲಿಲ್ಲ. ಹಡಗಿನಲ್ಲಿ ರೊಕ್ಕ ಕೈಗೆ ಕೈ ಕೊಡುವಂತಿಲ್ಲವಂತೆ. ಏನು ತರಿಸಿದರೂ ಒಂದು ಚೀಟಿಗೆ ರುಜು ಹಾಕಬೇಕು. ಇಳಿಯುವ ದಿನ ಎಲ್ಲ ಚೀಟಿ ಕೂಡಿಸಿ ಒಟ್ಟಿಗೆ ಕಟ್ಟಬೇಕು. ಸೋಡಾಕ್ಕೂ ಚೀಟಿ, ಒರಗುವ ಕುರ್ಚಿಗೂ ಚೀಟಿ. ನಮ್ಮಂಥವರಿಗೆ ಬೇರೆ ಒಲೆಯಲ್ಲಿ ಅನ್ನ ಮಾಡಿಕೊಡುವ ಅಡಿಗೆಯವನೊಬ್ಬನಿದ್ದ, ಅವನ ಊಟಕ್ಕೂ ಚೀಟಿ.

ಮನೆಯವರಿಗೆ ಹೆಬ್ಬೆಟ್ಟೇ ಗತಿ ಎಂದು ನಿನಗೆ ಗೊತ್ತು. ಪಕ್ಕದ ಕೋಣೆಯಲ್ಲಿ ಬಳ್ಳಾರಿಯ ಹತ್ತಿ ವ್ಯಾಪಾರಿ ತಿಪ್ಪಯ್ಯನವರು ಇದ್ದರು. ಅವರೆದುರು ಬೆರಳಿಗೆ ಮಸಿ ಹಚ್ಚಿಕೊಳ್ಳಲು ಇವರಿಗೆ ನಾಚಿಕೆ. "ನೀನೇ ಹಾಕೇ" ಎಂದು ಚೀಟಿಯನ್ನು ನನ್ನ ಕಡೆ ತಳ್ಳಿದರು. ಅಪ್ಪ ಅಂಗಡಿಯ ಹಿಂದೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಮರಳಿನಲ್ಲಿ ತಿದ್ದಿಸಿದ್ದು ಅಂದು ಉಪಯೋಗಕ್ಕೆ ಬಂತು. ಕನ್ನಡದಲ್ಲೇ ನನ್ನ ಹೆಸರು ಬರೆದೆ. ಹಡಗಿನ ಗುಮಾಸ್ತ ಮದರಾಸಿನವನು, ತೆಲುಗು ಮಾತಾಡುತ್ತಿದ್ದ. ಅವನು ಅದನ್ನು ತಿರುಗಿಸಿ ನೋಡಿ, ಸರಿ ಎಂದು ಇಟ್ಟುಕೊಂಡ. ಚಿತ್ತಕ್ಕ, ನನ್ನ ಹೆಸರು ಬರೆದದ್ದಕ್ಕೆ ಯಾರಾದರೂ ಏನಾದರೂ ಕೊಟ್ಟಿದ್ದು ಅದೇ ಮೊದಲು. ಆ ಸಂತೋಷ ಎರಡು ದಿನ ಇತ್ತು.

ಇವರೋ ಊರಿನಲ್ಲಿ ಕಾಸಿಗೆ ಕಾಸು ನೋಡುವವರು. ಇಲ್ಲಿ ಬಿಡಿಗಾಸು ಕೈಯಿಂದ ಹೋಗುವುದು ಕಾಣದ ಕಾರಣ ತಿಪ್ಪಯ್ಯನವರಿಗೂ ತರಿಸಿದರು, ಅವರ ಗೆಳೆಯರಿಗೂ ತರಿಸಿದರು. ನಾನು ರುಜು ಹಾಕುತ್ತಲೇ ಇದ್ದೆ. ಎಷ್ಟಾಯಿತೋ ಎಂಬ ದಿಗಿಲು ಹತ್ತಿತು. ಮೂರನೆಯ ದಿನ ಗುಮಾಸ್ತನ ಮೇಜಿಗೆ ಹೋಗಿ, ಮನೆಯ ಪಕ್ಕದ ನೇಕಾರರ ಮಕ್ಕಳ ಜೊತೆ ಕಲಿತ ತೆಲುಗಿನಲ್ಲಿ, ಒಂದೊಂದೇ ಚೀಟಿ ಓದಿ ಹೇಳಪ್ಪಾ ಎಂದೆ. ಅವನು ಓದಿದ. ಆರು ಚೀಟಿ ನಾನು ಕಂಡವಲ್ಲ. ಅವುಗಳ ಮೇಲೆ ನಮ್ಮ ಕೋಣೆಯ ನಂಬರು ಇತ್ತು, ನನ್ನ ರುಜು ಇರಲಿಲ್ಲ. ದಿನಕ್ಕೆ ಎರಡು ಊಟ.

"ಇದಿ ಎವರಿಕಿ?" ಇದು ಯಾರಿಗೆ ಎಂದೆ.

"ಕಿಂದ ಉನ್ನ ಮೀ ಆಡಮನಿಷಿಕಿ" ಎಂದ. ಕೆಳಗಿರುವ ನಿಮ್ಮ ಕಡೆಯ ಹೆಂಗಸಿಗೆ. ದಾಸಣ್ಣ ಎನ್ನುವವನು ಬರೆಸಿದ್ದಂತೆ.

ದಾಸಣ್ಣ ನಮ್ಮ ಅಂಗಡಿಗೆ ಉಣ್ಣೆ ತಂದುಕೊಡುವ ದಲ್ಲಾಳಿ. ಅವನು ಈ ಹಡಗಿನಲ್ಲಿರುವುದೇ ನನಗೆ ತಿಳಿದಿರಲಿಲ್ಲ. ಕಬ್ಬಿಣದ ಏಣಿ ಹಿಡಿದು ಕೆಳಗಿನ ಡೆಕ್ಕಿಗೆ ಇಳಿದೆ. ಕೂಲಿಗೆ ಹೋಗುವ ನೂರಾರು ಜನ ಚಾಪೆ ಹಾಸಿಕೊಂಡು ಒತ್ತೊತ್ತಾಗಿ ಮಲಗಿದ್ದರು. ಮೂಟೆಗಳ ಸಂದಿಯಲ್ಲಿ ನಮ್ಮದೇ ಅಂಗಡಿಯ ಕರೀ ಕಂಬಳಿ ಹೊದ್ದು ಒಬ್ಬಳು ಕೂತಿದ್ದಳು. ವಾಂತಿ ಮಾಡಿ ಮಾಡಿ ಮುಖ ಬತ್ತಿಹೋಗಿತ್ತು. ಪಾಪಕ್ಕ. ನನ್ನ ವಾರಗಿತ್ತಿ, ಹೋದ ವರ್ಷ ಪ್ಲೇಗಿನಲ್ಲಿ ತೀರಿಕೊಂಡ ನನ್ನ ಮೈದುನನ ಹೆಂಡತಿ. ಅವಳು ದೇವಸಮುದ್ರದ ತವರಿಗೆ ಹೋಗಿದ್ದಾಳೆ ಎಂದು ಮನೆಯಲ್ಲಿ ಹೇಳಿದ್ದರು.

"ಯಕ್ಕಾ, ನೀನೂ ಬಂದೀಯಾ?" ಎಂದು ನನ್ನ ಸೆರಗು ಹಿಡಿದುಕೊಂಡಳು. "ರಂಗೂನಿನಾಗೆ ಮಂಡಿ ಕೂಲಿಗಳಿಗೆ ಅಡಿಗೆ ಮಾಡೋ ಕೆಲಸ ಐತಂತೆ. ಒಂದು ವರ್ಸ ಅಷ್ಟೆ, ಆಮೇಲೆ ಕರ್ಕಂಡು ಬರ್ತೀವಿ ಅಂದ್ರು ನಿಮ್ಮನೆಯವ್ರು. ಮದರಾಸಿನಾಗೆ ದಾಸಣ್ಣ ಯಾವ್ದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸ್ಕಂಡ. ಅದ್ರಾಗೆ ಏನೈತೆ, ಯಕ್ಕಾ?"

ಮೂಟೆಯ ಮರೆಯಲ್ಲಿ ಇಸ್ಪೀಟು ಆಡುತ್ತಿದ್ದ ದಾಸಣ್ಣನನ್ನು ಎಬ್ಬಿಸಿ ಕಾಗದ ಕೇಳಿದೆ. ಕೊಡಲಿಲ್ಲ. ಜೋರು ಮಾಡಿದಾಗ ಬಾಯಿ ಬಿಟ್ಟ. ಒಂದು ವರ್ಷವಲ್ಲ, ಮೂರು ವರ್ಷ. ಅವಳ ಮೇಲೆ ಮಂಡಿಯವನಿಂದ ನಲವತ್ತು ರೂಪಾಯಿ ಮುಂಗಡ ತಿಂದಿದ್ದ. ದಾರಿಯ ಊಟಕ್ಕೆಂದು ನಮ್ಮ ಮನೆಯವರು ಕೊಟ್ಟ ರೊಕ್ಕವನ್ನೂ ಇಸ್ಪೀಟಿಗೆ ಹಾಕಿ, ಊಟವನ್ನು ನಮ್ಮ ನಂಬರಿಗೆ ಬರೆಸಿದ್ದ. ಅವಳ ಟಿಕೇಟು ಹೋಗುವುದಕ್ಕೆ ಮಾತ್ರ.

ಮತ್ತೆ ಏಣಿ ಹತ್ತಿ ಗುಮಾಸ್ತನ ಮುಂದೆ ನಿಂತೆ. ರಂಗೂನಿನಿಂದ ಮದರಾಸಿಗೆ ವಾಪಸು ಟಿಕೇಟನ್ನೂ ಚೀಟಿಯ ಮೇಲೆ ಕೊಡುತ್ತೀರಾ ಎಂದು ಕೇಳಿದೆ. ಎರಡನೇ ತರಗತಿಯವರ ರುಜು ಇದ್ದರೆ ಕೊಡುತ್ತೇವೆ ಎಂದ. ಹಾಗಾದರೆ ಬರಿ ಎಂದೆ. ಪಾಪಕ್ಕನ ಹೆಸರಿಗೆ, ಎರಡನೇ ತರಗತಿಯ ಹೆಂಗಸರ ಕೋಣೆಯಲ್ಲಿ. ಐವತ್ತೈದು ರೂಪಾಯಿ. ರುಜು ಹಾಕುವಾಗ ಹೆಸರಿನ ಕೊನೆಯ ಅಕ್ಷರ ಗೆರೆ ದಾಟಿ ಹೋಯಿತು.

ಆಮೇಲಿನ ಮೂರು ದಿನ ಇವರಿಗೆ ಹೇಳಲಿಲ್ಲ. ಹೇಳಿದರೆ ಚೀಟಿ ಹರಿದು ಹಾಕಿಸಿಬಿಡುತ್ತಾರೆ ಎಂಬ ಭಯ. ನೀರು ತರುವ ನೆಪ ಮಾಡಿ ಹೊತ್ತಿಗೊಂದು ಸಲ ಕೆಳಗೆ ಹೋಗಿ ಅವಳನ್ನು ನೋಡಿ ಬರುತ್ತಿದ್ದೆ.

ರಂಗೂನಿನ ನದಿಯೊಳಗೆ ಹಡಗು ಹೊಕ್ಕ ಬೆಳಿಗ್ಗೆ ಎಲ್ಲರೂ ಮೇಜಿನ ಮುಂದೆ ಸಾಲಾಗಿ ನಿಂತರು. ಗುಮಾಸ್ತ ನಮ್ಮ ಮನೆಯವರ ಲೆಕ್ಕ ಗಟ್ಟಿಯಾಗಿ ಓದಿದ: "ದೊಡ್ಡೀರಪ್ಪನವರು, ನೂರ ಹನ್ನೆರಡು ರೂಪಾಯಿ ಆರಾಣೆ." ಇವರು ತಿಪ್ಪಯ್ಯನವರ ಕಡೆ ನೋಡಿ ನಕ್ಕರು. ಆಮೇಲೆ ಬಾಬತ್ತುಗಳನ್ನು ಓದಿಸಿದರು. ವಾಪಸು ಟಿಕೇಟಿನ ಹತ್ತಿರ ಬಂದಾಗ ನಗು ನಿಂತಿತು.

"ಇದೇನೇ ಇದು?"

"ಪಾಪಕ್ಕನ ಟಿಕೇಟು ರೀ. ಊರಿಗೆ ಹೋಗಾಕೆ."

"ಯಾರನ್ನ ಕೇಳಿ ಹಾಕ್ದೆ?"

"ನೀವೇ ಹಾಕು ಅಂದಿದ್ರಿ. ಆ ರುಜು ನಮ್ಮದಲ್ಲ ಅಂತ ಇಷ್ಟು ಮಂದಿ ಎದುರಿಗೆ ಹೇಳ್ರಿ, ಬೇಕಾದ್ರೆ."

ತಿಪ್ಪಯ್ಯನವರು ಮುಖ ತಿರುಗಿಸಿ ನದಿ ನೋಡಿದರು. ಇವರು ನಡುವಿನ ಚೀಲ ಬಿಚ್ಚಿ ರೂಪಾಯಿಗಳನ್ನು ಒಂದೊಂದಾಗಿ ಎಣಿಸಿ ಇಟ್ಟರು. ಆದರೆ ಒಂದು ಮಾತು ಹೇಳಬೇಕು. ಮುಂಗಡದ ವಿಷಯ ಇವರಿಗೆ ತಿಳಿದಿರಲಿಲ್ಲ. ದಡದಲ್ಲಿ ನಾನು ಹೇಳಿದ ಕೂಡಲೇ ದಾಸಣ್ಣನ ಕೊರಳಪಟ್ಟಿ ಹಿಡಿದರು. "ನಮ್ಮನೆ ಹೆಣ್ಣನ್ನ ಮಾರ್ತೀಯೇನಲೇ?" ಎಂದು ಅವನನ್ನು ಮಂಡಿಗೆ ಎಳೆದುಕೊಂಡು ಹೋದರು. ನಲವತ್ತು ರೂಪಾಯಿ ತಾವೇ ಕಟ್ಟಿ ಆ ಕಾಗದ ಹರಿದು ಬಂದರು. ಅಂದಿನಿಂದ ನನ್ನ ಜೊತೆ ಮಾತಿಲ್ಲ. ಪಾಪಕ್ಕ ನಮ್ಮ ಜೊತೆಯೇ ಛತ್ರದಲ್ಲಿದ್ದಾಳೆ.

ಈಗ ನಿನ್ನಲ್ಲಿ ಒಂದು ಬೇಡಿಕೆ. ಭಾರತ ಹುಣ್ಣಿಮೆಗೆ ಎರಡು ದಿನ ಮುಂಚೆ ನಾವು ರಾಯದುರ್ಗದಲ್ಲಿ ರೈಲು ಇಳಿಯುತ್ತೇವೆ. ಗಾಡಿ ಕಳಿಸು, ಆದರೆ ನೀನೇ ಬಾ. ಪಾಪಕ್ಕನನ್ನು ನಿನ್ನ ಮನೆಗೆ ಕರೆದುಕೊಂಡು ಹೋಗು. ನಿಮ್ಮ ಬೀದಿಯ ಮಗ್ಗದ ಮನೆಗಳಲ್ಲಿ ರೇಷ್ಮೆ ನೂಲು ಸುತ್ತಲು ಹೆಂಗಸರು ಬೇಕು ಎಂದಿದ್ದೆಯಲ್ಲ. ಅವಳ ಬೆರಳು ಚುರುಕು. ಮಗ್ಗದವರ ತೆಲುಗನ್ನು ಎಂಟು ದಿನದಲ್ಲಿ ಕಲಿಯುತ್ತಾಳೆ. ಅವಳ ಗಂಡನ ಪಾಲಿನ ಹೊಲದ ಉತ್ಪತ್ತಿ ವರ್ಷ ವರ್ಷ ಅವಳಿಗೆ ಮುಟ್ಟುವಂತೆ ನಾನು ನೋಡಿಕೊಳ್ಳುತ್ತೇನೆ.

ಜಟಿಂಗ ರಾಮೇಶ್ವರ ನಿನ್ನ ಮನೆಯನ್ನು ತಂಪಾಗಿಟ್ಟಿರಲಿ. ಮಕ್ಕಳಿಗೆ ನನ್ನ ಆಶೀರ್ವಾದ, ಭಾವನವರಿಗೆ ಶರಣು.

ನಿನ್ನ ತಂಗಿ,
ತಿಪ್ಪೇರುದ್ರಮ್ಮ

ಮತ್ತೆ ಬರೆದದ್ದು: ಕಾಗದ ಮಡಿಸಿ ಮತ್ತೆ ಬಿಚ್ಚಿದೆ. ಇದನ್ನು ನೀನೊಬ್ಬಳೇ ಓದು. ಮೇಲೆ ಎಲ್ಲವನ್ನೂ ಇವರ ತಲೆಗೆ ಕಟ್ಟಿದ್ದೇನೆ. ಹೋದ ದೀಪಾವಳಿಯಲ್ಲಿ ಅತ್ತೆಯವರು ಇವರಿಗೆ, "ಇವಳ ಹೊಟ್ಟೆ ಫಲಿಸಲಿಲ್ಲ. ತಮ್ಮನ ಹೆಂಡ್ತಿ ಮನೆಯಾಗೇ ಅದಾಳೆ, ಅವಳನ್ನ ಕೂಡಿಕೆ ಮದುವೆ ಮಾಡ್ಕಾ" ಎಂದರು. ಇವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮರುದಿನ ನಾನೇ ಇವರ ಕಾಲು ಹಿಡಿದು, "ಶಿವರಾತ್ರಿ ಒಳಗೆ ಅವಳು ಈ ಮನೆಯಾಗೆ ಇರಬಾರ್ದು. ಎಲ್ಲಿಗೆ ಅಂತ ನನಗೆ ಹೇಳಲೂಬ್ಯಾಡ್ರಿ" ಎಂದೆ. ದಡಕ್ಕೆ ಇಳಿದ ದಿನ ಇವರು ನನಗೆ ಹೇಳಿದ್ದು ಒಂದೇ ಮಾತು: "ನಿನ್ನ ಮಾತು ನಡೆಸಿದ್ನಲ್ಲೇ." ಪಾಪಕ್ಕನಿಗೆ ಇದು ತಿಳಿಯದು. ಬೆಳಿಗ್ಗೆ ಎದ್ದರೆ ನನ್ನ ತಲೆ ಬಾಚುತ್ತಾಳೆ, ನೀನು ನನ್ನ ಜೀವ ಉಳಿಸಿದೆ ಎನ್ನುತ್ತಾಳೆ. ವಾಪಸು ಹಡಗಿನಲ್ಲಿ ಹೇಳಿದರೆ ನನ್ನನ್ನು ಬಿಟ್ಟು ಎದ್ದು ಹೋಗಲು ಅವಳಿಗೆ ಜಾಗವಿರುವುದಿಲ್ಲ. ರಾಯದುರ್ಗದಲ್ಲಿ ಅವಳು ನಿನ್ನ ಗಾಡಿ ಹತ್ತಿ ಕೂತ ಮೇಲೆ ಹೇಳುತ್ತೇನೆ. ಅಲ್ಲಿಯವರೆಗೂ ಅವಳು "ಯಕ್ಕಾ" ಅಂದಾಗಲೆಲ್ಲ ನಾನು ಓಗೊಡಬೇಕು.