ಗುಬ್ಬಿಯ ಲಾಯಕ್ಕೆ ಒಂದು ಅಂಗಿ

ಮಲ್ಕಾಜ್‌ಗಿರಿ,
ಭಾನುವಾರ

ಲಹರಿ ಮೇಡಮ್ ಅವರಿಗೆ ಭೀಮಶ್ಯಾನ ನಮಸ್ಕಾರಗಳು.

ನೀವು ಮಲಕಪೇಟೆಯ ರೇಸ್ ಕೋರ್ಸಿನಿಂದ ನಿಮ್ಮ ಸವಾರಿ ಶಾಲೆಗೆ ಕೊಂಡುಹೋದ ಕೆಂಪು ಕುದುರೆಯನ್ನು ಎಳೆಯ ಪ್ರಾಯದಿಂದಲೂ ನೋಡಿಕೊಂಡವನು ನಾನು. ಅದು ಮೇವು ಮುಟ್ಟುತ್ತಿಲ್ಲ ಎಂದು ನೀವು ಫೋನಿನಲ್ಲಿ ಹೇಳಿದಾಗಿನಿಂದ ನನಗೂ ಊಟ ಸೇರುತ್ತಿಲ್ಲ. ಓದು ಅರ್ಧಕ್ಕೇ ಬಿಟ್ಟವನು, ಬರಹದಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿರಿ.

ರೇಸಿನ ಪುಸ್ತಕದಲ್ಲಿ ಅದಕ್ಕೆ ದೊಡ್ಡ ಇಂಗ್ಲಿಷ್ ಹೆಸರಿತ್ತು. ನಾನು ಕರೆಯುತ್ತಿದ್ದುದು ಗುಬ್ಬಿ ಎಂದು. “ಆನೆಯಂಥ ಕುದುರೀಗೆ ಗುಬ್ಬಿ ಅಂತೀಯಲ್ಲೋ!” ಎಂದು ಟ್ರೇನರ್ ಸುಮಂತ ಸಾಹೇಬರು ನಗುತ್ತಿದ್ದರು. “ಹಗುರ ಓಡ್ಲಿ ಅಂತ್ರೀ ಸಾಹೇಬ್ರ” ಎನ್ನುತ್ತಿದ್ದೆ. ಬೆಳಿಗ್ಗೆ ಓಡಿ ಬಂದ ಮೇಲೆ ಬೆವರು ಆರುವ ತನಕ ಅದನ್ನು ನಡೆದಾಡಿಸಬೇಕು. ಆಗ ನನ್ನ ಭುಜಕ್ಕೆ ಮೂತಿ ಒತ್ತಿಕೊಂಡೇ ಬರುತ್ತಿತ್ತು. ಆ ಬಿಸಿ ಉಸಿರು ಈಗಲೂ ಕುತ್ತಿಗೆಯ ಮೇಲೆ ಇದ್ದಂತಿದೆ.

ನನ್ನ ಮೊಣಕಾಲು ಹೋಗಿದೆ, ಬರಲಾರೆ. ಬಂದರೂ, ಮತ್ತೆ ಬಿಟ್ಟುಹೋದನೆಂದು ಇನ್ನಷ್ಟು ಹಟ ಮಾಡೀತೆಂಬ ಹೆದರಿಕೆ. ಅದಕ್ಕೇ ನನ್ನ ಲಾಯದ ಅಂಗಿ ಕಳಿಸಿದ್ದೇನೆ. ಕೆಲಸ ಬಿಟ್ಟಾಗಿನಿಂದ ತೊಳೆದಿಲ್ಲ, ನಾತಕ್ಕೆ ಬೈಯಬೇಡಿರಿ. ಮೇವಿನ ಹತ್ತಿರ ತೂಗುಹಾಕಿ “ತಿನ್ನವ್ವ ಗುಬ್ಬಿ” ಎನ್ನಿರಿ. ಹಿಂದಿ ಬೇಡ, ಅದಕ್ಕೆ ಕನ್ನಡವೇ ರೂಢಿ. ಛತ್ರಿ ಕಂಡರೆ ಬೆದರುತ್ತದೆ. ಇದನ್ನು ಮೊದಲೇ ಹೇಳಿದ್ದೆನೋ ಇಲ್ಲವೋ, ಅದೂ ಒಂದು ಚಿಂತೆ.

ತಿನ್ನಲು ಶುರು ಮಾಡಿದ ಮೇಲೂ ಅಂಗಿ ಸ್ವಲ್ಪ ದಿನ ಅಲ್ಲೇ ಇರಲಿ. ಮೂತಿ ತಿಕ್ಕಿದರೆ ತಿಕ್ಕಲಿ. ಆಮೇಲೆ ನನಗೆ ವಾಪಸ್ ಕಳಿಸಿರಿ. ದಯಮಾಡಿ ನೀವೂ ತೊಳೆಯಬೇಡಿರಿ.

ನಿಮ್ಮ ಫೋನಿನ ದಾರಿ ಕಾಯುತ್ತಿರುವ
ಲಾಯದ ಭೀಮಶ್ಯಾ