ಉಪ್ಪಿನ ಕಡಗ

ಅಮ್ಮ,

ನೀನು ತೀರಿಕೊಂಡು ವರ್ಷವಾಯಿತು. ನೀನು ಇದನ್ನು ಓದಲಾರೆ ಎಂಬ ಧೈರ್ಯದಲ್ಲೇ ಬರೆಯುತ್ತಿದ್ದೇನೆ.

ಇವತ್ತು ಗೋಥೆನ್‌ಬರ್ಗಿನ ನಮ್ಮ ಲ್ಯಾಬಿನಲ್ಲಿ ಎಲ್ಲರೂ ಫೀಕಾಗೆಂದು, ಅಂದರೆ ಇಲ್ಲಿಯವರ ಕಾಫಿ ವಿರಾಮಕ್ಕೆಂದು, ಕಾಫಿ, ಬನ್ನು ಹಿಡಿದು ಕೂತಿದ್ದಾಗ, ಟಾಂಜಾನಿಯಾದ ಸೋಡಾ ಸರೋವರದ ಫೋಟೋಗಳನ್ನು ತೋರಿಸಿದೆ. ನೀನೂ ನನ್ನ ಜೊತೆ ಬಂದಿದ್ದೆಯಲ್ಲ, ಅದೇ. ಕುಂಕುಮ ಕಲಸಿದಂಥ ನೀರು, ಹಪ್ಪಳದ ಹಾಗೆ ಬಿರಿದ ಉಪ್ಪಿನ ದಡ, ದೂರದಲ್ಲಿ ಸಾವಿರಾರು ಫ್ಲೆಮಿಂಗೋಗಳು. ಅವುಗಳ ನಡುವೆ ಆ ಫೋಟೋನೂ ಬಂದುಬಿಟ್ಟಿತು. ಉಪ್ಪು ಗಟ್ಟಿಯಾಗಿ ಕಾಲಿಗೆ ಕಡಗದಂತೆ ಕಚ್ಚಿಕೊಂಡು, ನಡೆಯಲಾರದೆ ಬಿದ್ದಿದ್ದ ಬೂದು ಬಣ್ಣದ ಮರಿ. ಅದನ್ನು ಹಿಡಿದ ನಿನ್ನ ಕೈ.

ಹಕ್ಕಿಗಳನ್ನು ಮುಟ್ಟಬಾರದೆಂಬ ಷರತ್ತಿನ ಮೇಲೆ ನಮಗೆ ಪರವಾನಗಿ ಕೊಟ್ಟಿದ್ದರು. ನಾನು ಎಷ್ಟು ಕೂಗಿಕೊಂಡರೂ ನೀನು ಕೇಳಲಿಲ್ಲ.

“ಸುಮ್ನಿರೇ, ಬಿಗಿಯಾದ ಬಳೆ ತೆಗೆಯೋ ಹಾಗೆ ತೆಗೀಬೇಕು. ಎಳೆದ್ರೆ ಕಾಲೇ ಮುರ್ದೋಗತ್ತೆ” ಎಂದು, ಕುಡಿಯುವ ನೀರು ಹೊಯ್ದು ನೆನೆಸಿ, ಮೆಲ್ಲಗೆ ತಿರುಗಿಸಿ ಬಿಡಿಸಿದೆ. ಬೈಯುತ್ತಲೇ ನಾನು ಫೋಟೋ ತೆಗೆದೆ. ಮರಿ ಎದ್ದು ತನ್ನ ಗುಂಪಿನ ಕಡೆ ಓಡಿತು.

“ಎಷ್ಟು ನಾಜೂಕಾದ ಕೈ! ಯಾರದು?” ಎಂದು ನಮ್ಮ ಪ್ರಾಜೆಕ್ಟಿನ ಮುಖ್ಯಸ್ಥೆ ಮಾರ್ಗರೆಟಾ ಕೇಳಿದಳು.

“ಗೊತ್ತಿಲ್ಲ. ಅಲ್ಲಿಯ ಯಾರೋ ಹೆಂಗಸು” ಎಂದೆ.

ಫೋಟೋದಲ್ಲಿ, ಕೀಲುನೋವಿಗೆಂದು ನೀನು ಹಾಕಿಕೊಳ್ಳುತ್ತಿದ್ದ ತಾಮ್ರದ ಬಳೆ ಹೊಳೆಯುತ್ತಿತ್ತು. ಈಗ ಅದು ನನ್ನ ಕೈಯಲ್ಲಿದೆ. ಮಾತು ಮುಗಿಯುವ ಮೊದಲೇ ಸ್ವೆಟರಿನ ತೋಳನ್ನು ಬೆರಳಿನವರೆಗೂ ಎಳೆದುಕೊಂಡೆ.