ಈರನ ಅಣ್ಣನ ಬಿಪಿ

ಜುಲೈ ೧೪, ಸೋಮವಾರ

ಆ ಖಾಲಿ ಕುರ್ಚಿ ಕಣ್ಣಿಂದ ಹೋಗುತ್ತಿಲ್ಲ.

ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಜ್ವರ, ಬಿಪಿ ನೋಡುವ ಕೋಣೆಯಲ್ಲೇ ಕುಡಿತ ಬಿಡಿಸುವ ಚಿಕಿತ್ಸೆಯೂ ಶುರುವಾದ ಮೇಲೆ ಬಾಡ ಊರಿನ ಮೀನುಗಾರರು ಸಂಕೋಚವಿಲ್ಲದೆ ಬರುತ್ತಾರೆ. ಇಂದು ಈರ ಬಂದ. ಕುಡಿತ ನಿಲ್ಲಿಸಿದ್ದಕ್ಕೆ ಮೈಯೆಲ್ಲ ನಡುಕ. ಮಾತ್ರೆ ನುಂಗದಿದ್ದರೆ ಫಿಟ್ಸ್ ಬಂದು ಜೀವಕ್ಕೇ ಅಪಾಯ ಎಂದರು ಡಾಕ್ಟರು. ಅವನು ಪಕ್ಕದ ಖಾಲಿ ಕುರ್ಚಿ ತೋರಿಸಿ, “ಮೊದ್ಲು ಅಣ್ಣಂದು ನೋಡಿ ಅಕ್ಕೋರೆ” ಎಂದ. ಅವನ ಅಣ್ಣ ಕಡಲಲ್ಲಿ ಮುಳುಗಿ ವರ್ಷವಾಯಿತು.

ನರ್ಸ್ ಸುಚಿತಾ ಬಿಪಿ ಪಟ್ಟಿಯನ್ನು ಕುರ್ಚಿಯ ಕೈಗೆ ಸುತ್ತಿ ಬಿಚ್ಚಿದಳು. “ಆತು, ಈಗ ನಿಂದು.” ಈರ ಮಾತ್ರೆ ನುಂಗಿದ.

ಸಂಜೆಗೆ ನಡುಕ ಇಳಿದಿತ್ತು. “ಅಣ್ಣ ಇನ್ನೂ ಕಾಣ್ತಾನಾ?” ಎಂದು ಕೇಳಿದೆ.

“ಇಲ್ಲ ಅಕ್ಕೋರೆ. ನಿಮ್ಮನೆ ಬದಿಗೆ ಹೋದ.”

ಮನೆಯಲ್ಲಿ ನಾನು ಬರೆಯಲು ಕೂರುವಾಗ ಎದುರಿನ ಕುರ್ಚಿಯ ಮೇಲೆ ಯಾವಾಗಲೂ ಕವನ ಪುಸ್ತಕಗಳ ರಾಶಿ ಇರುತ್ತದೆ. ಈಗ ಆ ರಾಶಿ ನೆಲದ ಮೇಲಿದೆ, ಕುರ್ಚಿ ಖಾಲಿ. ನಾನೇ ಇಳಿಸಿರಬೇಕು.